ಪಿಸಿಬಿ ಲೇಔಟ್ ಪಾಠ: ಕಂಪ್ಯೂಟರ್ ತೆರೆಯುವ ಮೊದಲಿನ ಒಂದು ಅವಧಿ

ಪದವಿಪೂರ್ವ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ತರಗತಿಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಪಠ್ಯಪೂರಕ ಚಟುವಟಿಕೆಯಾಗಿ ಪಿಸಿಬಿ ಲೇಔಟ್ ಪಾಠವನ್ನು ಆರಿಸಿಕೊಳ್ಳುತ್ತಿದ್ದಾರೆ. ಒಳ್ಳೆಯ ಆಯ್ಕೆಯೇ. ಆದರೆ ಹಿಂದಿನ ಬೆಂಚಿನಲ್ಲಿ ಕುಳಿತು ನಾನು ವೀಕ್ಷಿಸಿದ ಇಂಥ ಪಾಠಗಳಲ್ಲಿ ಹೆಚ್ಚಿನವು ಒಂದೇ ಜಾಡಿನಲ್ಲಿ ಸಾಗಿದವು. ಪ್ರೊಜೆಕ್ಟರ್ ಹಾಕುವುದು, ಸಾಫ್ಟ್‌ವೇರ್ ತೆರೆಯುವುದು, "ಇಲ್ಲಿ ಕ್ಲಿಕ್ ಮಾಡಿ, ಈಗ ಇದನ್ನು ಎಳೆಯಿರಿ" ಎನ್ನುವುದು. ನಲವತ್ತು ನಿಮಿಷ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಚೆಂದದ ಫಲಕ ಮೂಡಿರುತ್ತದೆ. ಪಾಠ ಮುಗಿದ ಮೇಲೆ ಯಾವುದಾದರೂ ವಿದ್ಯಾರ್ಥಿಯನ್ನು ಕರೆದು "ಈ ಟ್ರ್ಯಾಕ್ ನೇರ ಹೋಗದೆ ಯಾಕಪ್ಪ ಸುತ್ತಿಕೊಂಡು ಹೋಗಿದೆ?" ಎಂದು ಕೇಳಿದರೆ ಅವನು ಪರದೆಯನ್ನೇ ನೋಡುತ್ತಾನೆ.

ಲೇಔಟ್ ಎಂದರೆ ಗೆರೆ ಎಳೆಯುವುದು ಎಂದು ಪಾಠ ಯೋಜನೆಗಳಲ್ಲಿ ಬರೆದಿರುತ್ತಾರೆ. ನನ್ನ ದೃಷ್ಟಿಯಲ್ಲಿ ಲೇಔಟ್ ಎಂದರೆ ಮುಖ್ಯವಾಗಿ ಬಿಡಿಭಾಗಗಳಿಗೆ ಜಾಗ ಗೊತ್ತು ಮಾಡುವುದು. ಜಾಗ ಸರಿಯಾಗಿದ್ದರೆ ಗೆರೆಗಳು ಬಹುಮಟ್ಟಿಗೆ ತಾವಾಗಿಯೇ ಬೀಳುತ್ತವೆ, ತಪ್ಪಿದ್ದರೆ ಎಷ್ಟು ಎಳೆದರೂ ಕೊನೆಗೆ ಒಂದೆರಡು ಉಳಿದೇ ಉಳಿಯುತ್ತವೆ. ಈ ಕಲಿಕಾಂಶಕ್ಕೆ ಮೊದಲ ಅವಧಿಯಲ್ಲಿ ಕಂಪ್ಯೂಟರ್ ಬೇಕಿಲ್ಲ. ಈ ಸಲ ಇಬ್ಬರು ಪ್ರಶಿಕ್ಷಣಾರ್ಥಿಗಳು ಹೀಗೆ ಪಾಠ ಮಾಡಲು ಒಪ್ಪಿದರು. ಅವರ ಪಾಠಗಳನ್ನು ಆಧರಿಸಿ ಈ ಟಿಪ್ಪಣಿ ಬರೆದಿದ್ದೇನೆ.

ಆರಿಸಿಕೊಂಡ ಮಂಡಲ 555 ಟೈಮರ್‌ನಿಂದ ಎಲ್‌ಇಡಿ ಮಿನುಗಿಸುವುದು. ಸಿಗ್ನೆಟಿಕ್ಸ್ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದ ಈ ಐಸಿ ಇಂದಿಗೂ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಇದನ್ನು ರೂಪಿಸಿದ ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಅವರು ಐಸಿಯೊಳಗಿನ ಲೇಔಟನ್ನು ಕೈಯಲ್ಲೇ ಬರೆದು, ಪ್ಲಾಸ್ಟಿಕ್ ಹಾಳೆಯನ್ನು ಚಾಕುವಿನಿಂದ ಕತ್ತರಿಸಿ ಸಿದ್ಧಪಡಿಸಿದ್ದರು. ವಿದ್ಯಾರ್ಥಿಗಳಿಗೆ ಹೇಳಬೇಕಾದ ಸಂಗತಿ ಇದು. ನಮ್ಮ ಮಂಡಲದಲ್ಲಿ ಐಸಿ, ಮೂರು ರೆಸಿಸ್ಟರ್, ಎರಡು ಕೆಪ್ಯಾಸಿಟರ್, ಒಂದು ಎಲ್‌ಇಡಿ, 9 ವೋಲ್ಟ್ ಬ್ಯಾಟರಿಗೆ ಒಂದು ಕನೆಕ್ಟರ್, ಹೀಗೆ 8 ಬಿಡಿಭಾಗಗಳಿವೆ. ಆರ್1 10 ಕಿಲೋ ಓಮ್, ಆರ್2 68 ಕಿಲೋ ಓಮ್, ಸಿ1 10 ಮೈಕ್ರೋಫ್ಯಾರಡ್. 1.44ನ್ನು (ಆರ್1 + 2ಆರ್2) × ಸಿ1 ರಿಂದ ಭಾಗಿಸಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮಿನುಗು ಬರುತ್ತದೆ. ಫಲಿತಾಂಶ ಕಣ್ಣಿಗೇ ಕಾಣುವುದರಿಂದ ಆಸಿಲ್ಲೋಸ್ಕೋಪ್ ಇಲ್ಲದ ಲ್ಯಾಬಿಗೂ ಇದು ಹೊಂದುತ್ತದೆ.

ಮೊದಲ ಅವಧಿಯಲ್ಲಿ ಪ್ರಶಿಕ್ಷಣಾರ್ಥಿ ಬೆಂಚುಗಳನ್ನು ಬದಿಗೆ ಸರಿಸಿ ಎಂಟು ವಿದ್ಯಾರ್ಥಿಗಳನ್ನು ಎದುರುಬದುರು ಎರಡು ಸಾಲಾಗಿ ನಿಲ್ಲಿಸಿದರು. ಎಡಸಾಲಿನಲ್ಲಿ ಮೇಲಿನಿಂದ 1, 2, 3, 4. ಬಲಸಾಲಿನಲ್ಲಿ 1ರ ಎದುರು 8, ಆಮೇಲೆ 7, 6, 5. ಇವರೇ ಐಸಿಯ ಕಾಲುಗಳು. ಮಂಡಲದ ಪ್ರಕಾರ 2 ಮತ್ತು 6 ಸೇರಬೇಕು. 4 ಮತ್ತು 8 ಸೇರಬೇಕು. ಹಸಿರು ಉಲ್ಲನ್ ದಾರವನ್ನು 2ರಿಂದ 6ಕ್ಕೆ, ಕೆಂಪು ದಾರವನ್ನು 4ರಿಂದ 8ಕ್ಕೆ ನೆಲದ ಮೇಲೆ ಹಾಸಲು ಹೇಳಿದರು. ಒಂದೇ ನಿಯಮ: ಬಣ್ಣ ಬೇರೆಯಾದ ದಾರಗಳು ಒಂದನ್ನೊಂದು ದಾಟಬಾರದು. ಏಕೆಂದರೆ ನಮ್ಮ ಫಲಕಕ್ಕೆ ತಾಮ್ರ ಒಂದೇ ಬದಿಗಿದೆ.

ದಾರಗಳು ನಡುವೆ ದಾಟಿಯೇ ದಾಟಿದವು. ವಿದ್ಯಾರ್ಥಿಗಳು ಓರೆ ಮಾಡಿದರು, ಬಗ್ಗಿಸಿದರು, ಆಗಲಿಲ್ಲ. ಎರಡು ಸಾಲುಗಳ ಮಧ್ಯದಲ್ಲೇ ಹೋಗುವುದಾದರೆ ಅದು ಸಾಧ್ಯವೂ ಇಲ್ಲ. ಐಸಿಯ ಸುತ್ತ ಕಾಲುಗಳನ್ನು ಎಣಿಸುತ್ತ ಹೋದರೆ 2 ಮತ್ತು 6ರ ನಡುವೆ 4 ಬರುತ್ತದೆ, 8 ಆಚೆಗೆ ಉಳಿಯುತ್ತದೆ. ಇದನ್ನು ಶಿಕ್ಷಕರು ಹೇಳಿಕೊಡಲಿಲ್ಲ. ಐದಾರು ನಿಮಿಷ ಸುಮ್ಮನೆ ನಿಂತರು. ವೀಕ್ಷಕರಿಗೆ ಆ ಮೌನ ಅಸಹನೀಯವಾಗಿ ಕಾಣಬಹುದು, ಆದರೂ ಮಧ್ಯೆ ಬಾಯಿ ಹಾಕದಿರುವುದೇ ಒಳ್ಳೆಯದು. ಆಮೇಲೆ 5ನೇ ಕಾಲಾಗಿದ್ದ ಹುಡುಗಿ, "ಕೆಂಪು ದಾರ ನಮ್ಮ ಬೆನ್ನ ಹಿಂದಿನಿಂದ ಹೋಗಲಿ ಮೇಡಂ" ಎಂದಳು. 4ರಿಂದ ಹೊರಟು 5, 6, 7ರ ಹಿಂದಿನಿಂದ ಸುತ್ತಿ 8ಕ್ಕೆ ದಾರ ತಲುಪಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಇನ್ನೊಂದು ತೊಡಕು. 5ನೇ ಕಾಲಿನಿಂದ ಸಿ2 ಎಂಬ ಚಿಕ್ಕ ಕೆಪ್ಯಾಸಿಟರ್ ಗ್ರೌಂಡಿಗೆ ಹೋಗಬೇಕು. ಈಗ ಆ ಹುಡುಗಿ ಕೆಂಪು ದಾರದ ಬೇಲಿಯೊಳಗೆ ಸಿಕ್ಕಿಕೊಂಡಿದ್ದಾಳೆ, ಗ್ರೌಂಡ್ ಹೊರಗಿದೆ. ಸಿ2 ಆಗಿ ನಿಲ್ಲಬೇಕಿದ್ದ ಹುಡುಗ ಬೇಲಿ ದಾಟುವವನಂತೆ ಒಂದು ಪಾದ ಒಳಗೆ, ಒಂದು ಪಾದ ಹೊರಗೆ ಇಟ್ಟು ನಿಂತುಬಿಟ್ಟ! ಏಕಪದರ ಫಲಕದ ಮುಖ್ಯ ಉಪಾಯ ಇದೇ. ಬಿಡಿಭಾಗದ ಮೈಯೇ ಸೇತುವೆ, ಅದರ ಎರಡು ಕಾಲುಗಳ ನಡುವೆ ಟ್ರ್ಯಾಕ್ ಹಾಯುತ್ತದೆ. ಕಾಲುಗಳ ನಡುವೆ 5 ಮಿ.ಮೀ. ಅಂತರವಿರುವ ಕೆಪ್ಯಾಸಿಟರ್‌ನಲ್ಲಿ 1.6 ಮಿ.ಮೀ. ಪ್ಯಾಡ್‌ಗಳು ಕಳೆದು 3.4 ಮಿ.ಮೀ. ಜಾಗ ಉಳಿಯುತ್ತದೆ; 1 ಮಿ.ಮೀ. ಟ್ರ್ಯಾಕ್ ಆರಾಮವಾಗಿ ಹೋಗುತ್ತದೆ. ಐಸಿಯ ಅಕ್ಕಪಕ್ಕದ ಕಾಲುಗಳ ನಡುವೆ ಹೀಗಾಗದು. ಅಲ್ಲಿ 2.54ರಲ್ಲಿ 1.6 ಕಳೆದರೆ ಒಂದು ಮಿ.ಮೀ. ಕೂಡ ಉಳಿಯುವುದಿಲ್ಲ. ಈ ಎರಡು ಲೆಕ್ಕಗಳನ್ನು ಕಪ್ಪುಹಲಗೆಯ ಮೇಲೆ ಮಾಡಿಸಿ ಅವಧಿ ಮುಗಿಸಿದರು.

ಎರಡನೇ ಅವಧಿಗೆ ಕಂಪ್ಯೂಟರ್. ಬಳಸಿದ್ದು ಕೀಕ್ಯಾಡ್. ಜೀನ್ ಪಿಯರ್ ಶಾರಾಸ್ ಅವರು 1992ರಲ್ಲಿ ಆರಂಭಿಸಿದ ಈ ತಂತ್ರಾಂಶ ಉಚಿತ, ಮುಕ್ತ. ಐಐಟಿ ಬಾಂಬೆಯ ಫಾಸೀ ಯೋಜನೆಯ ಈಸಿಮ್ ತಂತ್ರಾಂಶದೊಳಗೂ ಇದೇ ಇದೆ. ಮಂಡಲ ಚಿತ್ರವನ್ನು ಪ್ರಶಿಕ್ಷಣಾರ್ಥಿ ಮೊದಲೇ ಬರೆದಿಟ್ಟಿದ್ದರು. ಅದನ್ನೂ ತರಗತಿಯಲ್ಲೇ ಬರೆಯಿಸಿದರೆ ಲೇಔಟ್‌ಗೆ ಸಮಯವೇ ಉಳಿಯದು. ಚಿತ್ರವನ್ನು ಲೇಔಟ್ ಕಿಟಕಿಗೆ ತಂದಾಗ ಬಿಡಿಭಾಗಗಳು ರಾಶಿಯಾಗಿ ಬಿದ್ದು, ಸೇರಬೇಕಾದ ಪ್ಯಾಡ್‌ಗಳ ನಡುವೆ ತೆಳುವಾದ ನೇರ ಗೆರೆಗಳು ಕಾಣುತ್ತವೆ. ಇದಕ್ಕೆ ರ್‍ಯಾಟ್ಸ್‌ನೆಸ್ಟ್, ಅಂದರೆ ಇಲಿಗೂಡು, ಎಂದು ಹೆಸರು. ಹಿಂದಿನ ದಿನ ದಾರ ಹಿಡಿದ ತರಗತಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. "ಇದು ನಮ್ಮ ದಾರ" ಎಂದು ಅವರೇ ಹೇಳಿದರು. ಬಿಡಿಭಾಗವನ್ನು ಸರಿಸಿ, ತಿರುಗಿಸಿ, ಈ ಗೆರೆಗಳು ಆದಷ್ಟು ಕಡಿಮೆ ದಾಟುವಂತೆ ಮಾಡುವುದು ಆ ಅವಧಿಯ ಏಕೈಕ ಕೆಲಸವಾಗಿತ್ತು. ಒಂದು ಟ್ರ್ಯಾಕ್ ಕೂಡ ಎಳೆಯಲು ಬಿಡಲಿಲ್ಲ.

ಟ್ರ್ಯಾಕ್ ಎಳೆಯುವ ಮೊದಲು ಇನ್ನೊಂದು ಹಂತವಿದೆ, ಬಹಳ ಜನ ಇದನ್ನು ಹಾರಿಸುತ್ತಾರೆ. ಜೋಡಿಸಿದ ಚಿತ್ರವನ್ನು ಕಾಗದದ ಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ, ಕೆಳಗೆ ಥರ್ಮಾಕೋಲ್ ಇಟ್ಟು, ನಿಜವಾದ ಬಿಡಿಭಾಗಗಳನ್ನು ಚುಚ್ಚಿ ನೋಡುವುದು. ಮುದ್ರಿಸುವಾಗ ಪುಟಕ್ಕೆ ಹೊಂದಿಸುವ ಆಯ್ಕೆ ತೆಗೆದಿರಬೇಕು. ಮೂಲೆಯಲ್ಲಿ 50 ಮಿ.ಮೀ. ಗೆರೆಯೊಂದನ್ನು ಹಾಕಿಸಿ ಸ್ಕೇಲಿನಿಂದ ಅಳೆಸಿದರೆ ಅನುಮಾನ ಉಳಿಯದು. ಸಿ1ಕ್ಕೆ ಒಂದು ಗುಂಪು ಆರಿಸಿದ್ದ ಫುಟ್‌ಪ್ರಿಂಟ್ ಕೈಯಲ್ಲಿದ್ದ ಕೆಪ್ಯಾಸಿಟರ್‌ಗಿಂತ ಎರಡು ಪಟ್ಟು ದೊಡ್ಡದಿತ್ತು. ಸಾಫ್ಟ್‌ವೇರ್‌ಗೆ ಇದು ತಿಳಿಯುವ ದಾರಿಯೇ ಇಲ್ಲ. ಅಂಗಡಿಯವನು ಕೊಟ್ಟಿದ್ದೇನು ಎಂಬುದು ಅದಕ್ಕೇನು ಗೊತ್ತು?

ಟ್ರ್ಯಾಕ್ ಎಳೆಯುವುದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಹುಡುಗರು ನಮಗಿಂತ ಬೇಗ ಕಲಿಯುತ್ತಾರೆ. ನಿಯಮಗಳನ್ನು ಮಾತ್ರ ಮೊದಲೇ ಬದಲಾಯಿಸಿಡಬೇಕು. ಕೀಕ್ಯಾಡ್ ತಾನಾಗಿ ಕೊಡುವ ಟ್ರ್ಯಾಕ್ ಅಗಲ 0.2 ಅಥವಾ 0.25 ಮಿ.ಮೀ. ಕಾರ್ಖಾನೆಗೆ ಅದು ಸರಿ. ಲೇಸರ್ ಪ್ರಿಂಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿ, ಫೆರಿಕ್ ಕ್ಲೋರೈಡಿನಲ್ಲಿ ತಾಮ್ರ ಕರಗಿಸುವ ನಮ್ಮ ಪದ್ಧತಿಗೆ 1 ಮಿ.ಮೀ. ಅಗಲ, 0.5 ಮಿ.ಮೀ. ಅಂತರ ಇರಲಿ. ಸ್ವಯಂಚಾಲಿತ ರೂಟಿಂಗ್ ಮಾಡುವ ಪ್ರತ್ಯೇಕ ತಂತ್ರಾಂಶಗಳಿವೆ. ಈ ಪಾಠದಲ್ಲಿ ಅವುಗಳ ಹೆಸರೆತ್ತುವುದೂ ಬೇಡ ಎಂಬುದು ನನ್ನ ಪಟ್ಟು.

ಕೊನೆಗೆ ನಿಯಮ ಪರೀಕ್ಷೆ. ಎಲ್ಲ ಗುಂಪುಗಳಿಗೂ ಸೊನ್ನೆ ದೋಷ ಎಂದು ಬಂತು. ಆದರೂ ಒಂದು ಗುಂಪಿನ ಫಲಕ ತಿರುಗುಮುರುಗಾಯಿತು. ಮುದ್ರಿಸುವಾಗ ಅವರು 'ಕನ್ನಡಿ ಬಿಂಬ' ಆಯ್ಕೆಗೆ ಗುರುತು ಹಾಕಿದ್ದರು. ಕೇಳಿದರೆ ಅವರ ತರ್ಕ ಚೆನ್ನಾಗಿಯೇ ಇತ್ತು: ಇಸ್ತ್ರಿ ಮಾಡುವಾಗ ಕಾಗದ ಮಗುಚುತ್ತದೆ, ಚಿತ್ರ ತಿರುಗುತ್ತದೆ, ಆದ್ದರಿಂದ ಮೊದಲೇ ತಿರುಗಿಸಬೇಕು. ಅವರಿಗೆ ಗೊತ್ತಿಲ್ಲದ ಸಂಗತಿ ಒಂದೇ. ಕೆಳಪದರದ ತಾಮ್ರವನ್ನು ಪರದೆಯು ಮೇಲಿನಿಂದ, ಫಲಕದ ಮೂಲಕ ನೋಡಿದಂತೆ ತೋರಿಸುತ್ತದೆ. ಅದು ಈಗಾಗಲೇ ತಿರುಗಿದೆ. ಕೆಳಪದರಕ್ಕೆ ಕನ್ನಡಿ ಬಿಂಬ ಬೇಡ.

ಐಸಿ ಸಾಕೆಟ್ ಬೆಸೆದ ಕೂಡಲೇ, ಬ್ಯಾಟರಿ ಹಚ್ಚುವ ಮೊದಲು, ಪ್ರಶಿಕ್ಷಣಾರ್ಥಿ ಮಲ್ಟಿಮೀಟರ್ ಹಿಡಿಸಿದರು. ಅಂಚಿನ ಗ್ರೌಂಡ್ ಟ್ರ್ಯಾಕ್‌ಗೂ ಸಾಕೆಟ್ಟಿನ 1ನೇ ಕಾಲಿಗೂ ಬೀಪ್ ಬರಬೇಕಿತ್ತು. ಬಂದದ್ದು 8ನೇ ಕಾಲಿಗೆ. ಹಾಗೇ ಬ್ಯಾಟರಿ ಹಚ್ಚಿದ್ದರೆ ಐಸಿಗೆ ವಿದ್ಯುತ್ ಉಲ್ಟಾ ಹೋಗುತ್ತಿತ್ತು.

"ಮೇಡಂ, ಕಂಪ್ಯೂಟರ್ ಸೊನ್ನೆ ಎರರ್ ಅಂದಿತ್ತಲ್ಲ?"

"ಅಂದಿತ್ತು. ಅದು ಏನೇನು ನೋಡಿ ಹಾಗಂತು, ಪಟ್ಟಿ ಮಾಡಿ."

ಅವರು ಪಟ್ಟಿ ಮಾಡಿದರು: ಸೇರಬೇಕಾದದ್ದು ಸೇರಿದೆಯೇ, ಬೇರೆಯಿರಬೇಕಾದದ್ದರ ನಡುವೆ ಅಂತರವಿದೆಯೇ. ಕಾಗದ, ಇಸ್ತ್ರಿ, ಕೈಯಲ್ಲಿರುವ ಬಿಡಿಭಾಗ ಯಾವುದೂ ಪಟ್ಟಿಯಲ್ಲಿ ಬರಲಿಲ್ಲ. ಆಮೇಲೆ ಅದೇ ಮುದ್ರಣವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಬದಿಯಿಂದ ನೋಡಿಸಿದರು. ಫಲಕ ವ್ಯರ್ಥವಾಗಲಿಲ್ಲ. ಸಾಕೆಟ್ ಬಿಚ್ಚಿ, ಎಲ್ಲ ಬಿಡಿಭಾಗಗಳನ್ನೂ ತಾಮ್ರವಿರುವ ಬದಿಗೇ ಕೂರಿಸಿ ಬೆಸೆದರೆ ಕನ್ನಡಿ ಬಿಂಬದ ಫಲಕ ಸರಿಹೋಗುತ್ತದೆ ಎಂದು ಆ ಗುಂಪೇ ಕಂಡುಕೊಂಡಿತು. ಎಲ್‌ಇಡಿ ಮಿನುಗಿತು, ನೋಡಲು ಸ್ವಲ್ಪ ಒರಟು.

ನಮ್ಮ ವೀಕ್ಷಣಾ ನಮೂನೆಯ ಬಗ್ಗೆ ಸಹೋದ್ಯೋಗಿಗಳಿಗೆ ಒಂದು ಮಾತು. ಸಮಯಪಾಲನೆಗೆ, ಉಪಕರಣ ಬಳಕೆಗೆ ಅದರಲ್ಲಿ ಅಂಕಗಳಿವೆ. ದಾರದ ಅವಧಿಯಲ್ಲಿ ಆ ಪ್ರಶಿಕ್ಷಣಾರ್ಥಿ ಮೌನವಾಗಿ ನಿಂತ ನಿಮಿಷಗಳಿಗೆ ಅಂಕ ಕೊಡುವ ಕಲಂ ನನಗೆ ಸಿಗಲಿಲ್ಲ. ಷರಾ ಜಾಗದಲ್ಲಿ ಬರೆದು ಕೊಟ್ಟೆ. ಪಾಠ ನಾಲ್ಕು ಅವಧಿ ಹಿಡಿಯಿತು, ಯೋಜನೆಯಲ್ಲಿ ಇದ್ದದ್ದು ಎರಡು. ಆತಿಥೇಯ ಕಾಲೇಜಿನ ಉಪನ್ಯಾಸಕರ ಜೊತೆ ಮೊದಲೇ ಮಾತಾಡಿಕೊಂಡಿದ್ದರಿಂದ ಹೆಚ್ಚುವರಿ ಅವಧಿಗಳು ದೊರೆತವು. ಮುಂದಿನವರು ನಾಲ್ಕನ್ನೇ ಕೇಳಿಕೊಳ್ಳಲಿ. ಕಂಪ್ಯೂಟರ್ ಐದೇ ಇದ್ದರೂ ನಡೆಯುತ್ತದೆ. ಒಂದು ಗುಂಪು ಪರದೆಯ ಮುಂದಿದ್ದಾಗ ಇನ್ನೊಂದು ಥರ್ಮಾಕೋಲಿನ ಮುಂದಿರುತ್ತದೆ.

ಮೌಲ್ಯಮಾಪನಕ್ಕೆ ಈಗ ನಾನು ಸೂಚಿಸುತ್ತಿರುವ ಪ್ರಶ್ನೆ ಇದು: ಸೊನ್ನೆ ದೋಷ ತೋರಿಸುವ ಒಂದು ಲೇಔಟಿನ ಮುದ್ರಣ, ಅದರ ಮಂಡಲ ಚಿತ್ರ, ಬಿಡಿಭಾಗಗಳ ಒಂದು ಪೊಟ್ಟಣ ಕೊಡಿ. ಪೊಟ್ಟಣದಲ್ಲಿ ಒಂದು ಬಿಡಿಭಾಗ ಫುಟ್‌ಪ್ರಿಂಟಿಗೆ ಹೊಂದದಂತಿರಲಿ. "ಈ ಫಲಕವನ್ನು ನಾಳೆ ತಾಮ್ರಕ್ಕೆ ಇಳಿಸಬಹುದೇ? ಕಾರಣ ಬರೆಯಿರಿ."