ಯುಗಾದಿಗೆ ಮೊದಲೇ ಬೇರು ಇಳಿಯಲಿ

ಪಂಚಾಂಗದ ಲೆಕ್ಕದಲ್ಲಿ ವಸಂತ ಕಾಲಿಡುವುದು ಯುಗಾದಿಗೆ. ಅಷ್ಟು ಹೊತ್ತಿಗೆ ದಾವಣಗೆರೆಯ ತಾರಸಿಗಳ ಮೇಲೆ ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲುವುದು ಕಷ್ಟ. ಆಗ ಬೀಜ ಹಾಕಿದರೂ ಮೊಳಕೆ ಬರುತ್ತದೆ, ಎರಡು ಎಲೆಯೂ ಬಿಡುತ್ತದೆ. ಒಂದು ದಿನ ನೀರು ತಪ್ಪಿದರೆ ಸೊರಗಿ ಮಲಗುತ್ತದೆ. ಚಳಿ ದೇಶಗಳ ಕೈತೋಟದ ವಿಡಿಯೊಗಳು ಹಿಮ ಕರಗಿ ಮಣ್ಣು ಬೆಚ್ಚಗಾಗುವವರೆಗೆ ತಾಳಿ ಎನ್ನುತ್ತವೆ. ಬಯಲುಸೀಮೆಯಲ್ಲಿ ಲೆಕ್ಕ ಉಲ್ಟಾ. ಇಲ್ಲಿ ಮಣ್ಣು ಸುಡುವ ಮೊದಲೇ ಬೇರು ಕೆಳಗಿಳಿದಿರಬೇಕು. ಅದಕ್ಕೆ ಸರಿಯಾದ ಕಾಲ ಫೆಬ್ರವರಿ.

ಪಿ.ಜೆ. ಬಡಾವಣೆಯಂಥ ಕಡೆ ಹಿತ್ತಲು ಉಳಿಸಿಕೊಂಡ ಮನೆಗಳು ಕಡಿಮೆಯಾಗಿವೆ. ಹೆಚ್ಚಿನವರಿಗೆ ಸಿಗುವುದು ನೀರಿನ ಟ್ಯಾಂಕಿನ ಪಕ್ಕದ ತಾರಸಿ, ಬಾಲ್ಕನಿ ಅಥವಾ ಕಾಂಪೌಂಡ್ ಗೋಡೆಗೆ ಅಂಟಿದ ಒಂದು ಮೊಳದ ಪಟ್ಟಿ. ನಾಲ್ಕು ಜನರ ಮನೆಗೆ ವಾರದಲ್ಲಿ ಎರಡು ಮೂರು ದಿನ ಪಲ್ಯ, ಸಾರಿಗೆ ಒದಗಲು ಅಷ್ಟು ಜಾಗ ಸಾಕು.

ಹೆಜ್ಜೆ 1: ಬೆಳೆ ಆರಿಸುವುದು

ನರ್ಸರಿಗೆ ಹೋದವರು ಮೊದಲು ಕೈಹಾಕುವುದು ಟೊಮೆಟೊ ಸಸಿಗೆ. ಈ ಕಾಲಕ್ಕೆ ಅದು ತಪ್ಪು ಆಯ್ಕೆ. ಫೆಬ್ರವರಿ ನಡುವೆ ಬೀಜ ಹಾಕಿದರೆ ಸಸಿ ನಾಟಿಗೆ ಬರುವುದು ಮಾರ್ಚ್ ನಡುವೆ, ಹೂ ಬಿಡುವುದು ಏಪ್ರಿಲ್‌ನಲ್ಲಿ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊದ ಪರಾಗ ಕೆಡುತ್ತದೆ, ಹೂ ಕಾಯಿ ಕಟ್ಟದೆ ಉದುರುತ್ತದೆ. ಗೊಬ್ಬರ ಹೆಚ್ಚಿಸಿದರೂ ಪ್ರಯೋಜನವಿಲ್ಲ. ಕ್ಯಾರೆಟ್, ಹೂಕೋಸು, ಎಲೆಕೋಸು, ಬಟಾಣಿಯೂ ಚಳಿಗಾಲದ ಬೆಳೆಗಳೇ.

ಬಿಸಿಲಿಗೆ ಒಗ್ಗುವ ಬೆಳೆಗಳ ಸಾಲು ದೊಡ್ಡದಿದೆ. ಬಿತ್ತಿದ ಮೇಲೆ ಕೊಯ್ಲಿಗೆ ಬೇಕಾಗುವ ಅಂದಾಜು ದಿನಗಳು ಹೀಗಿವೆ:

ಮೆಂತ್ಯೆ ಸೊಪ್ಪು: 20-25 ದಿನ
ದಂಟು, ಹರಿವೆ: 25-30 ದಿನ
ಪುಂಡಿ ಸೊಪ್ಪು: 30-40 ದಿನ
ಬೆಂಡೆ, ಸೌತೆ: 45-50 ದಿನ
ಗೋರಿಕಾಯಿ (ಚವಳಿಕಾಯಿ), ಅಲಸಂದೆ: 45-60 ದಿನ
ಹೀರೆ, ಹಾಗಲ: 55-60 ದಿನ
ಸೋರೆ: 60-70 ದಿನ

ಮೆಂತ್ಯೆ, ಕೊತ್ತಂಬರಿಯನ್ನು ಫೆಬ್ರವರಿಯಲ್ಲೇ ಮುಗಿಸಿಕೊಳ್ಳಬೇಕು. ಸೆಕೆ ಏರಿದಂತೆ ಅವು ಎಲೆ ಬಿಡುವುದನ್ನು ಬಿಟ್ಟು ಹೂವಿಗೆ ಹೋಗುತ್ತವೆ. ಜೋಳದ ರೊಟ್ಟಿ ಉಣ್ಣುವ ಮನೆಗೆ ಪುಂಡಿ ಇರಲೇಬೇಕು, ಬಿಸಿಲನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. ಬಸಳೆಯ ಗೇಣುದ್ದದ ಕಾಂಡವೊಂದನ್ನು ಊರಿದರೆ ಬೇಸಿಗೆ ಪೂರ್ತಿ ಸೊಪ್ಪು ಸಿಗುತ್ತದೆ.

ಹೆಜ್ಜೆ 2: ಜಾಗ ಮತ್ತು ಭಾರ

ಕಾಯಿಪಲ್ಯಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಸೊಪ್ಪಿಗೆ ನಾಲ್ಕು ಗಂಟೆ ಸಾಕು. ಬೆಳಗಿನ ಬಿಸಿಲು ಬಿದ್ದು, ಮೂರು ಗಂಟೆಯ ನಂತರ ಗೋಡೆಯ ನೆರಳು ಬರುವ ಮೂಲೆ ಸಿಕ್ಕರೆ ಅದೇ ಒಳ್ಳೆಯದು.

ಒಂದಡಿ ಅಗಲ, ಒಂದಡಿ ಎತ್ತರದ ಗ್ರೋ ಬ್ಯಾಗ್ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತದೆ. ಬರೀ ಮಣ್ಣು ತುಂಬಿ ನೀರು ಹಾಕಿದರೆ ಒಂದೊಂದು ಚೀಲವೂ 30 ಕಿಲೋ ಮೀರುತ್ತದೆ. ಹಾಗಾಗಿ ಚೀಲಗಳನ್ನು ತಾರಸಿಯ ನಡುವೆ ಗುಂಪು ಹಾಕದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚಿನುದ್ದಕ್ಕೆ ಸಾಲಾಗಿ ಇಡುವುದು ಕ್ಷೇಮ. ಪ್ರತಿ ಚೀಲದ ಕೆಳಗೆ ಎರಡು ಇಟ್ಟಿಗೆ ಕೊಟ್ಟರೆ ನೀರು ನಿಲ್ಲುವುದಿಲ್ಲ, ತಾರಸಿಯ ಕಾವೂ ನೇರವಾಗಿ ಬೇರಿಗೆ ತಾಗುವುದಿಲ್ಲ. ಕಪ್ಪು ಪ್ಲಾಸ್ಟಿಕ್ ಕುಂಡಗಳು ಬೇಗ ಕಾಯುತ್ತವೆ. ಅವುಗಳಿಗೆ ಹಳೆಯ ಗೋಣಿಚೀಲ ಸುತ್ತಬೇಕು.

ಹೆಜ್ಜೆ 3: ಮಣ್ಣು

ಜಿಲ್ಲೆಯಲ್ಲಿ ಕೆಂಪು ಮಣ್ಣೂ ಇದೆ, ಎರೆ ಮಣ್ಣೂ ಇದೆ. ಹೊಲದಲ್ಲಿ ಎರೆ ಒಳ್ಳೆಯದಾದರೂ ಕುಂಡದಲ್ಲಿ ಒದ್ದೆಯಾದಾಗ ಅಂಟುತ್ತದೆ, ಒಣಗಿದಾಗ ಬಿರುಕು ಬಿಟ್ಟು ಬೇರನ್ನು ಹರಿಯುತ್ತದೆ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ, ಚೀಲಕ್ಕೆ ಎರಡು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಭಾರವೂ ಇಳಿಯುತ್ತದೆ, ತೇವವೂ ನಿಲ್ಲುತ್ತದೆ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ ಬಳಸಬೇಕು.

ದಾವಣಗೆರೆ, ಹರಿಹರ ಭದ್ರಾ ನಾಲೆಯ ಭತ್ತದ ಸೀಮೆ. ಅಕ್ಕಿ ಗಿರಣಿಗಳಿಗೆ ಬರವಿಲ್ಲ. ನಾರಿನ ಪುಡಿ ದುಬಾರಿ ಎನಿಸಿದರೆ ಅದರಲ್ಲಿ ಅರ್ಧದಷ್ಟಕ್ಕೆ ಗಿರಣಿಯ ಭತ್ತದ ಹೊಟ್ಟನ್ನು ಕಪ್ಪಗೆ ಇದ್ದಿಲಾಗುವಂತೆ ಸುಟ್ಟು ಬೆರೆಸಬಹುದು. ಮಣ್ಣು ಹಗುರಾಗಿ ಗಾಳಿಯಾಡುತ್ತದೆ. ಪೂರ್ತಿ ಬೆಂದ ಬಿಳಿ ಬೂದಿ ಕ್ಷಾರೀಯ, ಅದು ಚೀಲಕ್ಕೆ ಒಂದು ಹಿಡಿ ಮೀರಬಾರದು.

ಹೆಜ್ಜೆ 4: ಬೀಜ

1967ರಲ್ಲಿ ಆರಂಭವಾದ, ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ' ತಳಿಗಳು ಮನೆ ಬೆಳೆಗೂ ಅನುಕೂಲ. ಬೆಂಡೆಯಲ್ಲಿ ಅರ್ಕಾ ಅನಾಮಿಕ, ಹಾಗಲದಲ್ಲಿ ಅರ್ಕಾ ಹರಿತ್, ಸೋರೆಯಲ್ಲಿ ಅರ್ಕಾ ಬಹಾರ್, ಹೀರೆಯಲ್ಲಿ ಅರ್ಕಾ ಸುಮೀತ್, ದಂಟಿನಲ್ಲಿ ಅರ್ಕಾ ಸುಗುಣ ಇವೆ. ಸಂಸ್ಥೆ ಆನ್‌ಲೈನ್‌ನಲ್ಲೂ ಬೀಜ ಮಾರುತ್ತದೆ. ಪೊಟ್ಟಣದ ಮೇಲಿನ ಅವಧಿ ನೋಡದೆ ಕೊಳ್ಳಬಾರದು.

ಬೆಂಡೆ, ಮೆಂತ್ಯೆ ಬೀಜವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿತ್ತಬೇಕು. ಹಾಗಲ, ಸೋರೆಯ ಸಿಪ್ಪೆ ಗಟ್ಟಿ. ಒಂದು ದಿನ ಪೂರ್ತಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಇಣುಕಿದ ಮೇಲೆ ಊರಿದರೆ ಬೀಜ ಹಾಳಾಗುವುದಿಲ್ಲ. ಬೀಜದ ಗಾತ್ರದ ಎರಡು ಮೂರು ಪಟ್ಟು ಆಳ ಸಾಕು. ದಂಟಿನ ಬೀಜ ಸಾಸಿವೆಗಿಂತ ಚಿಕ್ಕದು, ಮರಳಿನೊಂದಿಗೆ ಬೆರೆಸಿ ಉದುರಿಸಿ ಮೇಲೆ ತೆಳುವಾಗಿ ಗೊಬ್ಬರ ಹರಡಬೇಕು.

ಒಂದು ಚೀಲಕ್ಕೆ ಬೆಂಡೆ ಒಂದೇ ಗಿಡ. ಎಂಟು ಚೀಲ ಬೆಂಡೆ, ಎರಡು ಹೀರೆ, ಒಂದು ಹಾಗಲ, ಮೂರು ಅಗಲ ಟ್ರೇ ಸೊಪ್ಪು: ಮೊದಲ ಸಲಕ್ಕೆ ಇಷ್ಟಿದ್ದರೆ ನಿಭಾಯಿಸಬಹುದು. ಸೊಪ್ಪಿನ ಟ್ರೇಗಳನ್ನು ಒಂದೇ ದಿನ ಬಿತ್ತದೆ ಹತ್ತು ದಿನಕ್ಕೊಂದರಂತೆ ಬಿತ್ತಿದರೆ ಕೊಯ್ಲು ಸರದಿಯಂತೆ ಬರುತ್ತದೆ.

ಹೆಜ್ಜೆ 5: ನೀರು

ಈ ಊರಲ್ಲಿ ಬೇಸಿಗೆ ಕೈತೋಟದ ಸೋಲು ಗೆಲುವು ತೀರ್ಮಾನವಾಗುವುದು ಇಲ್ಲೇ. ನಗರಕ್ಕೆ ಕುಡಿಯುವ ನೀರು ಬರುವುದು ತುಂಗಭದ್ರಾ ನದಿಯಿಂದ ಮತ್ತು ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಂದ. ಬೇಸಿಗೆಯಲ್ಲಿ ನಲ್ಲಿ ನೀರಿನ ಸರದಿ ದೂರವಾದಾಗ ಗಿಡಕ್ಕೆಂದು ಬೇರೆ ನೀರು ಹೊಂದಿಸುವುದು ಸುಲಭವಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್‌ಗೆ ಹಿಡಿದಿಟ್ಟರೆ ಸೊಪ್ಪಿನ ಟ್ರೇಗಳ ಪಾಲು ಅದರಲ್ಲೇ ಕಳೆಯುತ್ತದೆ. ಸೋಪು, ಉಪ್ಪು ಸೇರಿದ ನೀರು ಬೇಡ. ಬೋರ್‌ವೆಲ್ ನೀರು ಗಡಸಾಗಿದ್ದರೆ ಚೀಲದ ಅಂಚಿಗೆ ಬಿಳಿ ಪುಡಿ ಕಟ್ಟುತ್ತದೆ. ಅಂಥ ಚೀಲಕ್ಕೆ ಆಗೊಮ್ಮೆ ಈಗೊಮ್ಮೆ ತಳದಿಂದ ಹರಿದುಹೋಗುವಷ್ಟು ಸಿಹಿನೀರು ಕೊಡಬೇಕು.

ನೀರುಣಿಸುವುದು ಬೆಳಿಗ್ಗೆ ಎಂಟರೊಳಗೆ. ಬೆರಳಿನ ಎರಡು ಗೆಣ್ಣಿನಷ್ಟು ಆಳದಲ್ಲಿ ಮಣ್ಣು ಒದ್ದೆಯಿದ್ದರೆ ಆ ದಿನ ಬೇಡ. ಮಣ್ಣಿನ ಮೇಲೆ ಎರಡಂಗುಲ ಒಣ ಎಲೆ, ಭತ್ತದ ಹುಲ್ಲು ಅಥವಾ ಕಬ್ಬಿನ ಸೋಗೆ ಹೊದಿಸಿದರೆ ತೇವ ಆರುವುದು ನಿಧಾನವಾಗುತ್ತದೆ. ಎರಡು ದಿನ ಊರಿಗೆ ಹೋಗುವವರು ಚೀಲದ ನಡುವೆ ಚಿಕ್ಕ ಮಣ್ಣಿನ ಕುಡಿಕೆಯನ್ನು ಕಂಠದವರೆಗೆ ಹೂತು, ನೀರು ತುಂಬಿ ಮುಚ್ಚಿಟ್ಟು ಹೋಗಬಹುದು. ಕುಡಿಕೆಗೆ ಬಣ್ಣ ಬಳಿದಿರಬಾರದು. ಬಣ್ಣವಿದ್ದರೆ ನೀರು ಜಿನುಗುವುದಿಲ್ಲ.

ಹೆಜ್ಜೆ 6: ನೆರಳು, ಚಪ್ಪರ

ಮಾರ್ಚ್ ಎರಡನೇ ವಾರಕ್ಕೆ ಶೇ 50ರ ಹಸಿರು ನೆರಳು ಬಲೆ ಸಿದ್ಧವಿರಲಿ. ಸೊಪ್ಪಿಗೆ, ಎಳೆ ಸಸಿಗಳಿಗೆ ಮಧ್ಯಾಹ್ನ 12ರಿಂದ 4ರವರೆಗೆ ಮರೆ ಬೇಕು. ಬಲೆ ಇಲ್ಲದವರು ಹಳೆಯ ಕಾಟನ್ ಸೀರೆ ಕಟ್ಟಿದರೂ ಆದೀತು. ಬೆಂಡೆ, ಗೋರಿಕಾಯಿಗೆ ಮರೆ ಬೇಡ. ಹೀರೆ, ಸೋರೆಯ ಬಳ್ಳಿಯನ್ನು ಹಗ್ಗದ ಚಪ್ಪರಕ್ಕೆ ಹಬ್ಬಿಸಿದರೆ ಅದರಡಿಯೇ ಸೊಪ್ಪಿನ ಟ್ರೇ ಇಡಬಹುದು.

ಬಳ್ಳಿ ತುಂಬ ಹೂವಿದ್ದರೂ ಕಾಯಿಯಿಲ್ಲ ಎನ್ನುವುದು ತಾರಸಿಯಲ್ಲಿ ಸಾಮಾನ್ಯ ದೂರು. ಈ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಲು ಬರುವುದು ಗಂಡು ಹೂಗಳೇ. ಬುಡದಲ್ಲಿ ಪುಟ್ಟ ಕಾಯಿಯಿರುವುದು ಹೆಣ್ಣು ಹೂ. ಮೂರನೆಯ ಮಹಡಿಗೆ ಜೇನು ಬಾರದಿದ್ದರೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ತಾಗಿಸಬೇಕು. ಹೀರೆ, ಸೋರೆ ಅರಳುವುದು ಸಂಜೆ. ಹಾಗಲ, ಸೌತೆ ಬೆಳಿಗ್ಗೆ.

ಹೆಜ್ಜೆ 7: ಗೊಬ್ಬರ, ಕೀಟ

ಹದಿನೈದು ದಿನಕ್ಕೊಮ್ಮೆ ಚೀಲಕ್ಕೆ ಒಂದು ಹಿಡಿ ಎರೆಹುಳು ಗೊಬ್ಬರ ಸಾಕು. ಜೀವಾಮೃತ ಬೇಕೆನ್ನುವವರು ಎಕರೆಯ ಲೆಕ್ಕವನ್ನು ತಾರಸಿಗೆ ಇಳಿಸಿಕೊಳ್ಳಬಹುದು: ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಚಿಟಿಕೆ ಹೊಲದ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕಲಕಿ, ಎರಡು ದಿನದ ಮೇಲೆ ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಹಾಕಬೇಕು.

ಒಣ ಬಿಸಿಲಲ್ಲಿ ರಸ ಹೀರುವ ಕೀಟಗಳ ಕಾಟ ಹೆಚ್ಚು. ಬಿಳಿ ನೊಣ ಬೆಂಡೆಗೆ ಹಳದಿ ನಂಜು ರೋಗ ತರುತ್ತದೆ. ಎಲೆಯ ನರಗಳು ಹಳದಿ ಬಲೆಯಂತೆ ಕಂಡ ಗಿಡವನ್ನು ಕಿತ್ತು ದೂರ ಎಸೆಯಬೇಕು, ಔಷಧಿಯಿಂದ ಅದು ವಾಸಿಯಾಗದು. ಉಳಿದ ಗಿಡಗಳಿಗೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕೈದು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಎಲೆಯ ಅಡಿಗೆ ಸಿಂಪಡಿಸಬೇಕು. ಹಗಲು ಸಿಂಪಡಿಸಿದರೆ ಎಲೆ ಸುಡುತ್ತದೆ. ಹಾಗಲ, ಹೀರೆಯ ಎಳೆ ಕಾಯಿಗೆ ಕಾಗದದ ಚೀಲ ಕಟ್ಟಿದರೆ ಹಣ್ಣು ನೊಣ ಮೊಟ್ಟೆ ಇಡುವುದಿಲ್ಲ. ಗುರುತು ಸಿಗದ ರೋಗವಿದ್ದರೆ ಎಲೆಯ ಫೋಟೊ ಹಿಡಿದು ನಗರದ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ಕೇಳಬಹುದು.

ಕೊಯ್ಲು, ಮುಂದಿನ ಬಿತ್ತನೆ

ಫೆಬ್ರವರಿ ಮೊದಲ ವಾರದ ಮೆಂತ್ಯೆ ತಿಂಗಳ ಕೊನೆಗೇ ಅಡುಗೆಮನೆಗೆ ಬರುತ್ತದೆ. ಬೆಂಡೆ ಮಾರ್ಚ್ ಮೂರನೇ ವಾರಕ್ಕೆ, ಹೀರೆ ಏಪ್ರಿಲ್‌ಗೆ. ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ನಾರಾಗುವುದಷ್ಟೇ ಅಲ್ಲ, ಗಿಡ ಹೊಸ ಹೂ ಬಿಡುವುದನ್ನೂ ಕಡಿಮೆ ಮಾಡುತ್ತದೆ. ದಂಟನ್ನು ಬೇರುಸಮೇತ ಕೀಳದೆ ನಾಲ್ಕಂಗುಲ ಬಿಟ್ಟು ಕತ್ತರಿಸಿದರೆ ಮತ್ತೆರಡು ಸಲ ಚಿಗುರುತ್ತದೆ.

ಮೇ ಮೊದಲ ವಾರಕ್ಕೆ ಬಸವಳಿದ ಗಿಡಗಳನ್ನು ತೆಗೆದು, ಮಣ್ಣನ್ನು ತಾರಸಿಯ ಮೇಲೆ ತೆಳುವಾಗಿ ಹರಡಿ ಒಂದು ವಾರ ಬಿಸಿಲಿಗೆ ಒಣಗಿಸಿ, ಮೂರರಲ್ಲಿ ಒಂದು ಪಾಲು ಹೊಸ ಗೊಬ್ಬರ ಸೇರಿಸಿ ಚೀಲ ತುಂಬಬೇಕು. ಫೆಬ್ರವರಿಯಲ್ಲಿ ಬೇಡವೆಂದು ಬಿಟ್ಟ ಟೊಮೆಟೊ, ಅದರ ಜತೆಗೆ ಬದನೆ, ಮೆಣಸಿನಕಾಯಿಯ ಬೀಜಗಳನ್ನು ಮೇ ನಡುವೆ ನೆರಳಿನ ಟ್ರೇಯಲ್ಲಿ ಹಾಕಿದರೆ, ಮುಂಗಾರು ಹಿಡಿಯುವ ಜೂನ್ ಹೊತ್ತಿಗೆ ಸಸಿಗಳು ನಾಟಿಗೆ ತಯಾರಾಗುತ್ತವೆ.