ಸರಾಸರಿ ಪಾಠಕ್ಕೆ ಪಟಕೆಟ್ ತಂಡದ ಚರಿತ್ರೆ: ಒಂದು ಬೋಧನಾಭ್ಯಾಸದ ಅನುಭವ

ಬೋಧನಾಭ್ಯಾಸದ ಮೂರನೇ ವಾರ 9ನೇ ತರಗತಿಯ ಸಂಖ್ಯಾಶಾಸ್ತ್ರ ಘಟಕದಲ್ಲಿ ‘ಸರಾಸರಿ’ ನನ್ನ ಪಾಲಿಗೆ ಬಂತು. ಪೂರ್ವಜ್ಞಾನ ತಿಳಿಯಲು “ಸರಾಸರಿ ಎಂದರೇನು?” ಎಂದು ಕೇಳಿದೆ. “ಎಲ್ಲಾ ಕೂಡಿಸಿ ಭಾಗಿಸೋದು ಮೇಡಂ” ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಬಂದ ಉತ್ತರ ಏನನ್ನು ಹೇಳುತ್ತದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಕೇಳಿದಾಗ ಯಾರೂ ಮಾತಾಡಲಿಲ್ಲ. ಸೂತ್ರ ಅವರಿಗೆ ಬರುತ್ತಿತ್ತು, ಅರ್ಥ ಬಂದಿರಲಿಲ್ಲ.

ಕ್ರಿಕೆಟ್ ಉದಾಹರಣೆಯನ್ನು ಹಿಂದಿನ ಪಾಠದಲ್ಲಿ ಬಳಸಿ ನೋಡಿದ್ದೆ. ಮಕ್ಕಳು ಅಂಕಿ ನೋಡುವ ಬದಲು ತಮ್ಮ ನೆಚ್ಚಿನ ಆಟಗಾರನ ಹೆಸರು ನೋಡಿಯೇ ಉತ್ತರ ಹೇಳಿದ್ದರು. ಆದ್ದರಿಂದ ಈ ಬಾರಿ ಯಾರ ಹೆಸರೂ ಗೊತ್ತಿರದ ಆಟವನ್ನು ಆರಿಸಿಕೊಂಡೆ. ಅದು ಬೇಸ್‌ಬಾಲ್. ಅದರಲ್ಲಿಯೂ ಅಮೆರಿಕದ ಒಂದು ಸಣ್ಣ ಊರಿನ ಕಿರಿಯ ದರ್ಜೆಯ ತಂಡದ ಚರಿತ್ರೆ.

ಪಾಠದ ಉದ್ದೇಶಗಳು

1. ಸರಾಸರಿಯಲ್ಲಿ ಭಾಜಕ ಯಾವುದು ಎಂಬುದನ್ನು ಗುರುತಿಸುವುದು.
2. ಸರಾಸರಿ ಯಾವ ಸಂಗತಿಯನ್ನು ಮರೆಮಾಡುತ್ತದೆ ಎಂದು ಹೇಳುವುದು.
3. ಕಡಿಮೆ ದತ್ತಾಂಶದಿಂದ ಬಂದ ಸರಾಸರಿಗೂ ಹೆಚ್ಚು ದತ್ತಾಂಶದಿಂದ ಬಂದ ಸರಾಸರಿಗೂ ಇರುವ ವ್ಯತ್ಯಾಸ ಅರಿಯುವುದು.

ಊರು ಮತ್ತು ತಂಡ

ಪಟಕೆಟ್ ಎಂಬುದು ರೋಡ್ ಐಲೆಂಡ್ ರಾಜ್ಯದ ಗಿರಣಿ ಊರು. 1793ರಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ ಅಲ್ಲಿನ ನದಿಯ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿ ನಡೆಸಿದ. ಮುಂದೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1942ರಲ್ಲಿ ಆ ಊರಲ್ಲಿ ಮೆಕಾಯ್ ಕ್ರೀಡಾಂಗಣ ತೆರೆಯಿತು. 1970ರಿಂದ ಬಾಸ್ಟನ್ ರೆಡ್ ಸಾಕ್ಸ್‌ನ ಕಿರಿಯ ತಂಡ ಅಲ್ಲಿ ಆಡತೊಡಗಿತು. 1973ರಿಂದ ಅದು ಕಿರಿಯ ಲೀಗ್‌ಗಳಲ್ಲೇ ಮೇಲಿನ ದರ್ಜೆಯ ತಂಡವಾಯಿತು.

ಕಿರಿಯ ಲೀಗ್ ಎಂದರೇನು ಎಂದು ಮಕ್ಕಳು ಕೇಳಿದರು. “ಒಂದು ಐಪಿಎಲ್ ತಂಡ ತನ್ನ ಯುವ ಆಟಗಾರರನ್ನು ಹಾಸನದಲ್ಲೋ ತುಮಕೂರಲ್ಲೋ ಇರಿಸಿ, ಅಲ್ಲಿನ ಹೆಸರಲ್ಲೇ ಆಡಿಸಿದರೆ ಹೇಗೆ? ಚೆನ್ನಾಗಿ ಆಡಿದವರನ್ನು ಮೇಲಕ್ಕೆ ಕರೆಸಿಕೊಳ್ಳುತ್ತಾರೆ. ಊರವರು ಮಾತ್ರ ಇದ್ದವರನ್ನೇ ತಮ್ಮವರೆಂದು ನೋಡುತ್ತಾರೆ” ಎಂದೆ. ಮೆಕಾಯ್‌ನಲ್ಲಿ ಆಸನಗಳು ಆಟಗಾರರು ಕೂರುವ ಜಾಗಕ್ಕಿಂತ ಎತ್ತರದಲ್ಲಿದ್ದವು. ಅದಕ್ಕೆ ಹುಡುಗರು ಹಾಲಿನ ಪ್ಲಾಸ್ಟಿಕ್ ಕ್ಯಾನನ್ನು ಕತ್ತರಿಸಿ, ಅದರಲ್ಲಿ ಚೆಂಡೂ ಪೆನ್ನೂ ಇಟ್ಟು, ದಾರ ಕಟ್ಟಿ ಕೆಳಗಿಳಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದರು. ಇದನ್ನು ಹೇಳಿದ ಮೇಲೆ ಹಿಂದಿನ ಬೆಂಚೂ ಪಾಠಕ್ಕೆ ಬಂತು.

ಚಟುವಟಿಕೆ 1: ಪ್ರೇಕ್ಷಕರ ಲೆಕ್ಕ

ದಿವಾಳಿಯ ಅಂಚಿನಲ್ಲಿದ್ದ ತಂಡವನ್ನು 1977ರಲ್ಲಿ ಬೆನ್ ಮಾಂಡರ್ ಎಂಬ ನಿವೃತ್ತ ಜವಳಿ ಉದ್ಯಮಿ ಕೊಂಡರು. ಆ ವರ್ಷ ಪಂದ್ಯ ನೋಡಲು ಬಂದವರು ಸುಮಾರು 70 ಸಾವಿರ. 2005ರಲ್ಲಿ ಬಂದವರು ಸುಮಾರು 6 ಲಕ್ಷ 88 ಸಾವಿರ. ತವರಿನಲ್ಲಿ ವರ್ಷಕ್ಕೆ ಸುಮಾರು 70 ಪಂದ್ಯ ಎಂದಿಟ್ಟುಕೊಂಡು ಮಕ್ಕಳು ಪಂದ್ಯವೊಂದರ ಸರಾಸರಿ ಕಂಡುಹಿಡಿದರು: ಮೊದಲನೆಯದು 1,000, ಎರಡನೆಯದು 9,800ಕ್ಕೂ ಹೆಚ್ಚು. ಕ್ರೀಡಾಂಗಣ ಹಿಡಿಸುತ್ತಿದ್ದುದೇ ಸುಮಾರು 10 ಸಾವಿರ ಜನರನ್ನು ಎಂದಾಗ, “ಹಾಗಾದ್ರೆ ದಿನಾ ಫುಲ್ಲು” ಎಂದು ಒಬ್ಬಳು ತಾನೇ ಹೇಳಿದಳು. ಸಂಖ್ಯೆಯನ್ನು ಅರ್ಥಕ್ಕೆ ಜೋಡಿಸಿದ ಮೊದಲ ಉತ್ತರ ಇದು.

ಚಟುವಟಿಕೆ 2: ಅತಿ ದೀರ್ಘ ಪಂದ್ಯ

ಬೇಸ್‌ಬಾಲ್ ಪಂದ್ಯಕ್ಕೆ 9 ಇನ್ನಿಂಗ್ಸ್. ಸಮವಾದರೆ ಮುಂದುವರಿಯುತ್ತದೆ. 1981ರ ಏಪ್ರಿಲ್ 18ರ ರಾತ್ರಿ ಪಟಕೆಟ್‌ಗೂ ರಾಚೆಸ್ಟರ್ ತಂಡಕ್ಕೂ ಶುರುವಾದ ಪಂದ್ಯ ನಿಲ್ಲಲೇ ಇಲ್ಲ. ಚಳಿ ತಾಳಲಾರದೆ ಆಟಗಾರರು ಮುರಿದ ಬ್ಯಾಟುಗಳನ್ನು ಪೀಪಾಯಿಯಲ್ಲಿ ಹಾಕಿ ಬೆಂಕಿ ಕಾಯಿಸಿಕೊಂಡರು. ಬೆಳಗಿನ 4 ಗಂಟೆ 7 ನಿಮಿಷಕ್ಕೆ, 32 ಇನ್ನಿಂಗ್ಸ್ ಆದ ಮೇಲೆ, 2-2 ಸಮದಲ್ಲಿ ಆಟ ನಿಲ್ಲಿಸಿದರು. ಬಂದಿದ್ದ 1,740 ಜನರಲ್ಲಿ ಉಳಿದಿದ್ದವರು 19. ಜೂನ್ 23ರಂದು ಪಂದ್ಯ ಮುಂದುವರಿದು, 33ನೇ ಇನ್ನಿಂಗ್ಸ್‌ನಲ್ಲಿ 18 ನಿಮಿಷಕ್ಕೇ ಮುಗಿಯಿತು. ಡೇವ್ ಕೋಜಾ ಹೊಡೆದ ಹೊಡೆತದಿಂದ ಪಟಕೆಟ್ 3-2ರಲ್ಲಿ ಗೆದ್ದಿತು.

ಒಟ್ಟು ಅವಧಿ 8 ಗಂಟೆ 25 ನಿಮಿಷ, ಅಂದರೆ 505 ನಿಮಿಷ. 505 ÷ 33 = 15.3. “ಈ 15.3 ನೋಡಿ ಈ ಪಂದ್ಯದ ಬಗ್ಗೆ ಏನು ಗೊತ್ತಾಗುತ್ತದೆ?” ಎಂದೆ. ಚಳಿ, ಬೆಂಕಿ, 19 ಜನ, ಎರಡು ತಿಂಗಳ ಬಿಡುವು ಯಾವುದೂ ಅದರಲ್ಲಿ ಇಲ್ಲ ಎಂದು ಅವರೇ ಪಟ್ಟಿ ಮಾಡಿದರು.

ಚಟುವಟಿಕೆ 3: ಯಾರನ್ನು ಆರಿಸುತ್ತೀರಿ?

ಅದೇ ಪಂದ್ಯದ ಮೂವರ ಅಂಕಿಗಳನ್ನು ಹಲಗೆಯ ಮೇಲೆ ಬರೆದೆ.

ಕೋಜಾ: 14 ಅವಕಾಶ, 5 ಹಿಟ್, ಸರಾಸರಿ 0.357
ವೇಡ್ ಬಾಗ್ಸ್: 12 ಅವಕಾಶ, 4 ಹಿಟ್, ಸರಾಸರಿ 0.333
ಕ್ಯಾಲ್ ರಿಪ್ಕೆನ್: 13 ಅವಕಾಶ, 2 ಹಿಟ್, ಸರಾಸರಿ 0.154

ನಾನು ಎಣಿಸಿರದ ಗೊಂದಲ ಇಲ್ಲಿ ಎದುರಾಯಿತು. “ಸರಾಸರಿ 50, 60 ಇರ್ಬೇಕಲ್ವಾ, ಒಂದಕ್ಕಿಂತ ಕಡಿಮೆ ಹೇಗೆ ಬರುತ್ತೆ?” ಎಂದು ಅರ್ಧ ತರಗತಿ ಕೇಳಿತು. ಕ್ರಿಕೆಟ್‌ನಲ್ಲಿ ರನ್ನುಗಳನ್ನು ಔಟಾದ ಸಂಖ್ಯೆಯಿಂದ ಭಾಗಿಸುತ್ತೇವೆ. ಇಲ್ಲಿ ಹಿಟ್‌ಗಳನ್ನು ಲೆಕ್ಕಕ್ಕೆ ಹಿಡಿದ ಅವಕಾಶಗಳಿಂದ ಭಾಗಿಸುತ್ತಾರೆ. ಹೆಸರು ಒಂದೇ, ಭಾಜಕ ಬೇರೆ. ಮೊದಲ ಉದ್ದೇಶ ನಾನು ಯೋಜಿಸಿದ ಕಡೆ ಈಡೇರದೆ ಈ ಪ್ರಶ್ನೆಯಲ್ಲಿ ಈಡೇರಿತು.

ಬಳಿಕ “ಒಬ್ಬರನ್ನು ಮೇಲಿನ ತಂಡಕ್ಕೆ ಕಳಿಸಬೇಕು, ಯಾರು?” ಎಂದೆ. ಹೆಚ್ಚಿನವರು ಕೋಜಾ ಎಂದರು. ರಿಪ್ಕೆನ್‌ಗೆ ಒಂದು ಕೈಯೂ ಏಳಲಿಲ್ಲ. ಮುಂದಿನದನ್ನು ಬರೆದೆ: ಕೋಜಾ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಬಾಗ್ಸ್ ಅಲ್ಲಿ 9,180 ಅವಕಾಶಗಳಲ್ಲಿ 3,010 ಹಿಟ್, ಸರಾಸರಿ 0.328. ರಿಪ್ಕೆನ್ 11,551ರಲ್ಲಿ 3,184, ಸರಾಸರಿ 0.276, ಸತತ 2,632 ಪಂದ್ಯ ಆಡಿದ ದಾಖಲೆ ಬೇರೆ. ಇಬ್ಬರೂ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರಿದರು.

ತರಗತಿ ಸುಮ್ಮನಾಯಿತು. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, “ಒಂದೇ ಮ್ಯಾಚ್ ನೋಡಿ ಹೇಗೆ ಹೇಳೋಕಾಗುತ್ತೆ ಮೇಡಂ?” ಎಂದ. ನನಗೆ ಬೇಕಿದ್ದ ವಾಕ್ಯವೇ ಅದು. ಆದರೆ ಅದನ್ನು ಕೇಳಿ ನಾನೇ ತಡವರಿಸಿದೆ. ಆ ಬೆಳಿಗ್ಗೆ ಗುಂಪು ಚಟುವಟಿಕೆಗೆಂದು ನಾನು ಮಕ್ಕಳನ್ನು ಘಟಕ ಪರೀಕ್ಷೆಯ ಅಂಕ ನೋಡಿ ಕೂರಿಸಿದ್ದೆ. ಒಂದು ಪರೀಕ್ಷೆ, 25 ಅಂಕ. ಅದರಲ್ಲಿ 4 ಬಂದಿದ್ದಕ್ಕೆ ಅವನು ಕೊನೆಯ ಗುಂಪಿನಲ್ಲಿದ್ದ.

ಊರಿಗೆ ಏನಾಯಿತು?

ಕೊನೆಯ ಐದು ನಿಮಿಷದಲ್ಲಿ ತಂಡದ ಕಥೆ ಮುಗಿಸಿದೆ. ಮಾಂಡರ್ 2010ರಲ್ಲಿ ತೀರಿಕೊಂಡರು. 2015ರಲ್ಲಿ ತಂಡ ಹೊಸ ಮಾಲೀಕರ ಕೈ ಸೇರಿತು. ಹೊಸ ಕ್ರೀಡಾಂಗಣಕ್ಕೆ ಸರ್ಕಾರದ ಹಣ ಎಷ್ಟು ಎಂಬ ಮಾತುಕತೆ ವರ್ಷಗಟ್ಟಲೆ ಎಳೆದು, 2018ರಲ್ಲಿ ತಂಡವನ್ನು ಪಕ್ಕದ ರಾಜ್ಯದ ವೂಸ್ಟರ್‌ಗೆ ಒಯ್ಯುವುದಾಗಿ ಪ್ರಕಟಿಸಿದರು. 2020ರ ಋತು ಕೊರೊನಾದಿಂದ ರದ್ದಾದ್ದರಿಂದ ಪಟಕೆಟ್‌ಗೆ ವಿದಾಯದ ಪಂದ್ಯವೂ ಸಿಗಲಿಲ್ಲ. 2021ರಿಂದ ತಂಡ ವೂಸ್ಟರ್‌ನಲ್ಲಿದೆ. ಮೆಕಾಯ್ ಇದ್ದ ಜಾಗದಲ್ಲಿ ಪ್ರೌಢಶಾಲೆ ಕಟ್ಟಲು ಊರು ತೀರ್ಮಾನಿಸಿದೆ.

“ಆ 19 ಜನಕ್ಕೆ ಏನು ಕೊಟ್ರು?” ಎಂದು ಒಬ್ಬಳು ಕೇಳಿದಳು. ಪಂದ್ಯಗಳನ್ನು ಪುಕ್ಕಟೆ ನೋಡಲು ಪಾಸ್ ಕೊಟ್ಟರು ಎಂದಾಗ ಎಲ್ಲರಿಗೂ ಸಮಾಧಾನವಾಯಿತು.

ಅವಲೋಕನ ಮತ್ತು ನನ್ನ ಕಲಿಕೆ

ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಎರಡು ಕೊರತೆ ಗುರುತಿಸಿದರು: ಆಟದ ನಿಯಮ ವಿವರಿಸಲು ಹೆಚ್ಚು ಸಮಯ ಹೋಯಿತು, ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ. ಎರಡೂ ನಿಜ. ಇದೇ ಪಾಠ ಮಾಡುವ ಸಹಪಾಠಿಗಳು ನಿಯಮಗಳನ್ನು ಹಿಂದಿನ ದಿನವೇ ಒಂದು ಹಾಳೆಯಲ್ಲಿ ಕೊಟ್ಟರೆ ಹತ್ತು ನಿಮಿಷ ಉಳಿಯುತ್ತದೆ. ಮೂವರು ಆಟಗಾರರ ಮುಂದಿನ ಅಂಕಿಗಳನ್ನು ಮಾತ್ರ ಮಕ್ಕಳು ಆಯ್ಕೆ ಮಾಡುವವರೆಗೆ ತೋರಿಸಬೇಡಿ.

ಮೂರನೆಯ ಕೊರತೆಯನ್ನು ಅವರು ಬರೆದಿರಲಿಲ್ಲ, ನಾನೇ ಹೇಳಿದೆ. ಮರುದಿನ ಗುಂಪುಗಳನ್ನು ಹಾಜರಿ ಸಂಖ್ಯೆಯಂತೆ ಬದಲಿಸಿದೆ. ಆ ಹುಡುಗನ ಮುಂದಿನ ಪರೀಕ್ಷೆಯ ಅಂಕ 9. ಅದೂ ಒಂದು ಪರೀಕ್ಷೆಯೇ. ಅವನ ಹೆಸರಿನ ಮುಂದೆ ಎರಡು ಅಂಕಿ ಬರೆದು, ಇನ್ನಷ್ಟು ಬರೆಯಲು ಜಾಗ ಬಿಟ್ಟಿದ್ದೇನೆ.