ಹುಟ್ಟಿನೊಡನೆ ಬಂದುದೆಲ್ಲ ಆನುವಂಶಿಕವೆ?

ನಿಂಬರ್ಗಾದ ಕಡೆಯ ತೊಗರಿ ಹೊಲಗಳಲ್ಲಿ ಕಾಯಿಕೊರಕಕ್ಕೆ ‘ಎಣ್ಣೆ’ ಹೊಡೆಯುತ್ತಾರೆ. ಹೆಸರು ಎಣ್ಣೆ, ವಸ್ತು ವಿಷ. ಅದು ತಾಯಿಯಿಂದ ಮಗುವಿಗೆ ಸಾಗುವ ಬಗೆಯನ್ನರಿಯಲು ನಾವು ಕಾಸರಗೋಡಿನ ಎಣ್ಮಕಜೆಯತ್ತ ನೋಡಬೇಕು.

ಅಲ್ಲಿಯ ಗೇರುತೋಪುಗಳ ಮೇಲೆ 2000ದವರೆಗೆ, ಎರಡು ದಶಕಗಳಿಗೂ ಮಿಕ್ಕು, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಈ ವಸ್ತುವು ಕೊಬ್ಬಿನಲ್ಲಿ ಕರಗುವುದು. ಆದುದರಿಂದ ಮಾಸನ್ನು ದಾಟಿ ಭ್ರೂಣವನ್ನೂ, ಮೊಲೆಹಾಲಿನೊಡನೆ ಶಿಶುವನ್ನೂ ಸೇರಬಲ್ಲುದು. ಅಂಗವಿಕಲವಾಗಿ ಜನಿಸಿದ ಮಗುವನ್ನು ಕಂಡೊಡನೆ ಜನರು ವಂಶದ ದೋಷವೆನ್ನುವುದುಂಟು. ಇದು ದುಡುಕು. ಅಂಗಗಳು ರೂಪುಗೊಳ್ಳುವ ವಾರಗಳಲ್ಲಿ ತಗಲಿದ ವಿಷವು ಜೀನುಗಳನ್ನು ಮುಟ್ಟದೆಯೂ ಊನವನ್ನುಂಟುಮಾಡಬಹುದು. ಅಂಡಾಣು, ವೀರ್ಯಾಣುಗಳ ಡಿ.ಎನ್.ಎ. ಕೆಡುವುದು ಬೇರೆಯ ಮಾತು. ಆ ದೋಷವು ಮೊಮ್ಮಕ್ಕಳವರೆಗೂ ಸಾಗೀತು.

2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ತೊಗರಿಗೆ ಈಗ ಬೇರೆ ವಿಷಗಳಿವೆ. ಹೊಲದಲ್ಲಿ ದುಡಿಯುವವರಲ್ಲಿ ಬಸುರಿಯರೂ ಹಾಲೂಡಿಸುವ ತಾಯಂದಿರೂ ಇದ್ದಾರೆ.